ಗದಿಗೆವ್ವನ ಬೀಜದ ಹೊಲ

"ಬುಟ್ಟಿ ಕೆಳಗಿಡು ಹಾಜಿರಾ." ದೇವಪ್ಪ ಓಣಿಗೆ ಅಡ್ಡ ನಿಂತ. "ಮನಿ ಮುಂದ ಹೆಣ ಕುಂದ್ರಿಸೇವಿ. ಅದನ್ನ ಎತ್ತೋತನಕ ಈ ಮಾಗಡಿ ಊರಾಗ ಯಾರೂ ಹೊಲಕ್ಕ ಹೋಗಂಗಿಲ್ಲ."

ಹಾಜಿರಾಬಿ ಬುಟ್ಟಿ ಕೆಳಗಿಡಲಿಲ್ಲ. ಅವಳ ಬೆನ್ನಿಗೆ ನೀಲಗಂಗವ್ವ ನಿಂತಿದ್ದಳು, ನೀಲಗಂಗವ್ವನ ಹಿಂದೆ ಉಳಿದ ಹೆಂಗಸರು. ದೇವಪ್ಪನ ಹಿಂದೆ, ಕಟ್ಟೆಯ ಮೇಲೆ, ಅವನ ಅತ್ತಿಗೆ ಗದಿಗೆವ್ವನನ್ನು ಗೋಡೆಗೆ ಆನಿಸಿ ಕೂರಿಸಿ ಹಣೆತುಂಬ ವಿಭೂತಿ ಹಚ್ಚಿದ್ದರು. ಜ್ವರದಲ್ಲಿ ಮಲಗಿದವಳು ಬೆಳಕು ಹರಿಯುವ ಮೊದಲೇ ತೀರಿಕೊಂಡಿದ್ದಳು.

"ಕಾಕಾ, ನಿನ್ನಿ ಸಂಜಿಕ ಆಕಿ ಜ್ವರದಾಗ ಕಂಬಳಿ ಹೊತ್ಕೊಂಡು ಹೊಲಕ್ಕ ಬಂದು ತನ್ನ ಕೈಲೆ ಬಿಡಿಸಿದ ಹತ್ತಿ ಮೊಗ್ಗು ಅವು," ಎಂದಳು ಹಾಜಿರಾಬಿ. "ಇವತ್ತ ಬಿಸಲೇರೂದ್ರಾಗ ಗಂಡು ಹೂವಿನ ಪುಡಿ ಮುಟ್ಟಿಸ್ಲಿಲ್ಲಂದ್ರ ಎಲ್ಲಾ ಉದುರಿ ಬೀಳ್ತಾವು."

"ಉದುರ್ಲಿ! ಮನಷ್ಯಾರಕಿಂತ ಹೂವು ದೊಡ್ಡದಾತೇನು? ಸತ್ತಾಕಿಗೆ ಮರ್ಯಾದಿ ಬ್ಯಾಡ? ಮತ್ತ ಒಂದು ತಿಳ್ಕೊ, ಇವತ್ತಿಂದ ಆ ಹೊಲ ನಂದು. ನಿಮಗ ಕೂಲಿ ಕೊಡಾಕ ಯಾರೂ ಇಲ್ಲ."

ಹಾಜಿರಾಬಿ ಹಿಂದಕ್ಕೆ ತಿರುಗಿ ನೋಡಿದಳು. ಯಾರೊಬ್ಬರೂ ಕಾಲು ಹಿಂದೆ ತೆಗೆದಿರಲಿಲ್ಲ.

*

ಏಳೆಂಟು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಗೆ, ಹೈಬ್ರಿಡ್ ಹತ್ತಿಯ ಬೀಜ ಮಾಡುವುದನ್ನು ಕಲಿಸಲು ಗದಗಿನಿಂದ ಒಬ್ಬ ತರುಣ ಸಾಹೇಬ ಬಂದಿದ್ದ. ಬೇವಿನ ಗಿಡದ ಕೆಳಗೆ ಹೆಂಗಸರನ್ನು ಕೂರಿಸಿ, ಒಂದು ಮೊಗ್ಗು ಹಿಡಿದು, ಅದರೊಳಗಿನ ಗಂಡು ಭಾಗವನ್ನು ಹೆಬ್ಬೆರಳಿನ ಉಗುರಿನಿಂದ ಬಿಡಿಸಿ ತೋರಿಸಿದ. ಹೀಗೆ ಸಂಜೆ ಬಿಡಿಸಿ ಕೆಂಪು ಕಾಗದ ತೊಡಿಸಬೇಕು, ಮರುದಿನ ಮುಂಜಾನೆ ಬೇರೆ ಜಾತಿಯ ಹತ್ತಿಯ ಹೂ ತಂದು ಪುಡಿ ಮುಟ್ಟಿಸಬೇಕು, ಆಗ ಹುಟ್ಟುವ ಬೀಜವೇ ಹೊಸ ಬೀಜ ಎಂದ. ಗಂಡು ಹೂ, ಹೆಣ್ಣು ಹೂ ಎಂಬ ಮಾತು ಬಂದಾಗಲೆಲ್ಲ ಹೆಂಗಸರು ಸೆರಗು ಬಾಯಿಗೊತ್ತಿ ನಕ್ಕರು.

ಎಲ್ಲರಿಗಿಂತ ಹಿಂದೆ ಕುಳಿತಿದ್ದ ಗದಿಗೆವ್ವ ಮಾತ್ರ ನಗಲಿಲ್ಲ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡವಳು. ಮಕ್ಕಳಿರಲಿಲ್ಲ.

"ಸಾಹೇಬ್ರ, ಆ ಜಾತಿದು ಈ ಜಾತಿದು ಕೂಡಿಸಿದ್ರ ಪಾಪ ಹತ್ತೂದಿಲ್ಲೇನ್ರಿ?"

"ಜೇನು ಹುಳ ದಿನಾ ಇದನ್ನ ಮಾಡತೈತಿ ನೋಡವ್ವ. ಅದಕ್ಕ ಹತ್ತೇತೇನು ಪಾಪ?"

ಗದಿಗೆವ್ವ ಎದ್ದು ಮುಂದೆ ಬಂದಳು. "ಹಂಗಾರ ತರ್ರಿ ಇತ್ಲಾಗ, ನಾನೂ ಹುಳ ಆಗ್ತೇನಿ."

ಲಕ್ಷ್ಮೇಶ್ವರದಿಂದ ಹೊಸದಾಗಿ ಸೊಸೆಯಾಗಿ ಬಂದಿದ್ದ ಹಾಜಿರಾಬಿ ಆ ಕೆಲಸ ಕಲಿತದ್ದು ಅವಳಿಂದಲೇ. ಮೊದಮೊದಲು ಮೊಗ್ಗಿನ ಜೊತೆ ಒಳಗಿನ ಎಳೆಯ ಕಾಯನ್ನೂ ಗೀರಿಬಿಡುತ್ತಿದ್ದಳು. "ಕೂಸಿನ ಕಿವ್ಯಾಗಿನ ಹೊಲಸು ತಗದಂಗ ತಗಿ," ಎನ್ನುತ್ತಿದ್ದಳು ಗದಿಗೆವ್ವ, ತಾನು ಎಂದೂ ಕೂಸಿನ ಕಿವಿ ಶುಚಿ ಮಾಡಿದವಳಲ್ಲದಿದ್ದರೂ.

ದೇವಪ್ಪನ ಮಗಳ ಮದುವೆಯ ದಿನ ಗದಿಗೆವ್ವ ಹಂದರದ ಕಂಬದ ಬಳಿ ಅಕ್ಕಿಕಾಳು ಹಿಡಿದು ನಿಂತಿದ್ದಳು. ದೇವಪ್ಪ ಎಲ್ಲರೆದುರೇ, "ನೀ ಒಳಗ ನಡಿ, ಮುತ್ತೈದೇರು ಬರ್ಲಿ," ಎಂದಿದ್ದ. ಅವಳು ಕಾಳನ್ನು ಅಲ್ಲೇ ನೆಲಕ್ಕೆ ಸುರಿದು ಹೊರಟುಬಂದಳು. ಮರುದಿನ ಪಂಚರನ್ನು ಕೂಡಿಸಿ, ಗಂಡನ ಪಾಲಿನ ಹೊಲ ಬೇರೆ ಮಾಡಿಕೊಡು ಎಂದು ಕೇಳಿದಳು. ಕೊಡುವ ತನಕ ದೇವಪ್ಪನ ಬಾಗಿಲು ಬಿಟ್ಟು ಏಳಲಿಲ್ಲ. ಕೆರೆಯ ಮಗ್ಗುಲಿನ ಆ ಕರಿಮಣ್ಣಿನ ಎರಿ ಹೊಲದಲ್ಲಿ ತಾನೇ ಬೀಜದ ಹತ್ತಿ ಹಾಕಿದಳು.

"ಗಂಡ ಸತ್ತಾಕಿ ಹೂವ ಮುಟ್ಟಿದ್ರ ಬೆಳಿ ಸುಟ್ಟು ಹೋಗತೈತಿ," ಎಂದು ದೇವಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಆ ವರ್ಷ ಗಿಡಗಳು ಎದೆಮಟ್ಟ ಬೆಳೆದು ಕಾಯಿ ಹೊತ್ತವು.

ಸಾಲಿನಲ್ಲಿ ನಿಂತು ಗದಿಗೆವ್ವ ಹಾಜಿರಾಬಿಗೆ ಹೇಳಿದ್ದಳು, "ಅಲ್ಲಿ ಅಕ್ಕಿಕಾಳ ಹಾಕಾಕ ಬಿಡ್ಲಿಲ್ಲ. ಇಲ್ಲಿ ನೋಡು ಮಗಳ, ನಾ ಬರ್ಲಿಲ್ಲಂದ್ರ ಒಂದು ಮದುವೀನೂ ಆಗಂಗಿಲ್ಲ."

*

"ಮರ್ಯಾದಿ ಮಾತು ನೀ ಆಡಬ್ಯಾಡ ಕಾಕಾ," ಎಂದಳು ಹಾಜಿರಾಬಿ. "ಹಂದರದಾಗ ಆಕಿನ್ನ ನಿಂದರಗೊಡಲಿಲ್ಲ. ಹೊಲದಾಗಾರ ಆಕಿ ಕೆಲಸ ಉಳೀಗೊಡು. ನಾವು ಬಂದ ಮ್ಯಾಲೆ ಎತ್ರಿ."

"ಅಲ್ಲವ್ವಾ, ಬೆಳಿ ನನಗ ಬರತೈತಿ. ನಿಮಗೇನ ಬರತೈತಿ?"

ಇದಕ್ಕೆ ನೀಲಗಂಗವ್ವ ಉತ್ತರ ಕೊಟ್ಟಳು. "ನಿನಗಽ ಬರ್ಲಿ. ಆಕಿ ಬಿಡಿಸಿದ್ದು ಉದುರಬಾರ್ದು, ಅಷ್ಟಽ. ಸರಿ ಅತ್ತಾಗ."

ದೇವಪ್ಪ ಸರಿಯಲಿಲ್ಲ. ಹೆಂಗಸರೇ ಅವನ ಎರಡೂ ಮಗ್ಗುಲಿಂದ ಹಾದುಹೋದರು.

ಹೊಲದಲ್ಲಿ ಇಬ್ಬನಿ ಇನ್ನೂ ಆರಿರಲಿಲ್ಲ. ಗಂಡು ಸಾಲಿನ ಹೂಗಳನ್ನು ಬುಟ್ಟಿಗೆ ಬಿಡಿಸಿಕೊಂಡು, ಒಂದೊಂದೇ ಕೆಂಪು ಕಾಗದ ತೆಗೆದು, ಪುಡಿ ಮುಟ್ಟಿಸುತ್ತ ನಡೆದರು. ದಿನವೂ ಹರಟೆ, ನಗೆ ಇರುತ್ತಿದ್ದ ಸಾಲುಗಳಲ್ಲಿ ಇಂದು ಬಳೆಯ ಸದ್ದಷ್ಟೇ ಇತ್ತು. ಕೊನೆಯ ಸಾಲಿನ ಕೊನೆಗೆ ಕೆಲವು ಮೊಗ್ಗು ಬಿಡಿಸದೆ, ಕಾಗದವಿಲ್ಲದೆ ಹಾಗೆಯೇ ಅರಳಿದ್ದವು. ಬಿಡಿಸುವಷ್ಟು ಬಿಡಿಸಿ, ಅಲ್ಲಿಗೆ ಬಂದಾಗ ಗದಿಗೆವ್ವನಿಗೆ ತ್ರಾಣ ಸಾಲದಾಗಿತ್ತು. ಹಾಜಿರಾಬಿ ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಅತ್ತಳು. ನೀಲಗಂಗವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. "ಏಳವ್ವಾ, ಬಿಸಲು ಬಂತು."

ಅವರು ಮರಳುವ ಹೊತ್ತಿಗೆ ಮನೆಯ ಮುಂದೆ ಊರು ನೆರೆದಿತ್ತು. ಹೆಣ ಕೂರಿಸಿ ಹೊರುವ ವಿಮಾನ ಕಟ್ಟಿ ಅದರಲ್ಲಿ ಶವವನ್ನು ಇಟ್ಟಾಗಿತ್ತು, ಆದರೆ ಹೊರುವವರು ಯಾರೂ ಮುಂದೆ ಬಂದಿರಲಿಲ್ಲ. ದೇವಪ್ಪ ಕೂಗಿದರೂ ತರುಣರು ಓಣಿಯ ತುದಿಯನ್ನೇ ನೋಡುತ್ತ ನಿಂತಿದ್ದರು. ಅವರಲ್ಲಿ ಬಹಳಷ್ಟು ಮಂದಿಯ ಅವ್ವಂದಿರು ಹೊಲದಲ್ಲಿದ್ದರು.

ಗದಿಗೆವ್ವನ ತಲೆ ಒಂದು ಕಡೆ ವಾಲಿತ್ತು. ಹಾಜಿರಾಬಿ ಮುಂದೆ ಹೋಗಿ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿದಳು. ಕೈ ತೆಗೆದಾಗ ಹೂವಿನ ಪುಡಿ ಗದಿಗೆವ್ವನ ಗಲ್ಲಕ್ಕೆ ಹಳದಿಯಾಗಿ ಅಂಟಿತ್ತು.

"ಏ, ಏನದು? ಒರಸು ಅದನ್ನ!" ದೇವಪ್ಪ ಚೀರಿದ. "ಗಂಡ ಇಲ್ದಾಕಿ ಆಕಿ!"

ಹಾಜಿರಾಬಿಯ ಕೈ ಸೆರಗಿನತ್ತ ಹೋಗಿ ಅಲ್ಲೇ ನಿಂತಿತು. ನೀಲಗಂಗವ್ವ ಅವಳನ್ನು ಸರಿಸಿ ಬಂದು, ತನ್ನೆರಡೂ ಅಂಗೈಗಳನ್ನು ಗದಿಗೆವ್ವನ ಇನ್ನೊಂದು ಗಲ್ಲಕ್ಕೆ ಒತ್ತಿ ಸವರಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ಗಲ್ಲ, ಗದ್ದ, ಮೊಣಕೈತನಕ ಕೈ. ಯಾರೂ ಅವಸರ ಮಾಡಲಿಲ್ಲ.

ಕ್ರಿಯೆ ಮಾಡಿಸಲು ಬಂದಿದ್ದ ಸ್ವಾಮಿಗಳು ದೇವಪ್ಪನ ಮುಖ ನೋಡಿದರು, ಹೆಂಗಸರ ಮುಖ ನೋಡಿದರು. "ಎತ್ರಪಾ, ಹೊತ್ತಾತು," ಎಂದರು.

ತರುಣರು ವಿಮಾನಕ್ಕೆ ಹೆಗಲು ಕೊಟ್ಟರು. ಭಜನೆಯ ತಾಳ ಶುರುವಾಯಿತು. ಅರಿಷಿಣ ಹಚ್ಚಿದಂತೆ ಮುಖವೆಲ್ಲ ಹಳದಿಯಾದ ಗದಿಗೆವ್ವ ಎಲ್ಲರ ತಲೆಗಳಿಗಿಂತ ಮೇಲೆ ಕುಳಿತು ಊರ ನಡುವಿನ ಓಣಿಯಲ್ಲಿ ಹೊರಟಳು.