ಓರಗಿತ್ತಿ ಸರಿಸಿದ ಮರಳು

ಮಂಗಳ ಗ್ರಹದ ಆ ಬಯಲಿನ ದೊಡ್ಡ ಮರಳ ಏರಿಗಳು ಎಂದೋ ಕಲ್ಲಿನಂತೆ ಕೂತುಬಿಟ್ಟಿವೆ, ಅಲ್ಲಿನ ತೆಳುಗಾಳಿಗೆ ಅವನ್ನು ಅಲುಗಿಸುವ ತ್ರಾಣವಿಲ್ಲ ಎಂದು ಹಿರಿಸೊಸೆ ಬರೆದಿದ್ದಳು. ಸಂಶೋಧನಾಲಯದಲ್ಲಿ ಅವಳಿಗೆ ಹೆಸರು ಬಂದದ್ದೇ ಆ ಮಾತಿನಿಂದ. ಮೈದುನನ ಹೆಂಡತಿಯನ್ನು ಅದೇ ಕೆಲಸಕ್ಕೆ ಕರೆತಂದು ಪಕ್ಕದ ಮೇಜಿನಲ್ಲಿ ಕೂರಿಸಿದವಳೂ ಅವಳೇ. ಈಗ ಆ ಓರಗಿತ್ತಿ, ನೌಕೆಯೊಂದು ಕೆಲವು ವರ್ಷಗಳ ಅಂತರದಲ್ಲಿ ಮೇಲಿನಿಂದ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ, ಗಾಳಿಗೆ ಏರಿಗಳು ಸರಿದಿವೆ ಅಂದಳು.

ಸುದ್ದಿ ಮನೆಗೂ ಬಂತು. "ನಮ್ಮ ಚಿಕ್ಕವಳು ಮಂಗಳದಲ್ಲೂ ಕಸ ಗುಡಿಸಿ ಬಂದ್ಲು ನೋಡಿ!" ಎಂದು ಅತ್ತೆ ಊಟದ ಮೇಜಿನಲ್ಲಿ ಬೀಗಿದರು. ಎಲ್ಲರೊಂದಿಗೆ ಹಿರಿಯವಳೂ ನಕ್ಕಳು.

"ಇಷ್ಟು ವರ್ಷ ನೋಡಿದೀಯ, ನಿನಗೆ ಹೇಗೆ ಕಾಣ್ಲಿಲ್ಲ?" ಎಂದ ಗಂಡ.

ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಮರುದಿನ ಅವಳು ಚಿತ್ರಗಳನ್ನು ಕೇಳಿ ಪಡೆದಳು. "ನೀವು ನೋಡಿದ್ರೆ ನನಗೂ ಧೈರ್ಯ ಅಕ್ಕಾ" ಎಂದು ಚಿಕ್ಕವಳು ಕೊಟ್ಟಳು. ಅಕ್ಕ ಹೊರಟದ್ದು ಮೊಸರಲ್ಲಿ ಕಲ್ಲು ಹುಡುಕಲಿಕ್ಕೆ. ನೆರಳು ಮೋಸ ಮಾಡಿರಬೇಕು ಎಂದುಕೊಂಡಳು. ಎರಡರಲ್ಲೂ ಬಿಸಿಲು ಒಂದೇ ಕಡೆಯಿಂದ ಬಿದ್ದಿತ್ತು. ಆಮೇಲೆ ಕಲ್ಲು ಸಿಕ್ಕಿಯೇಬಿಟ್ಟಿತು. ಎರಡು ಚಿತ್ರಗಳನ್ನು ಹೊಂದಿಸಲು ಚಿಕ್ಕವಳು ಕದಲದ ಬಂಡೆಯೆಂದು ಹಿಡಿದಿದ್ದ ಕಪ್ಪು ಗುರುತು ಬಂಡೆಯಲ್ಲ, ಅದೂ ಮರಳೇ!

'ಸಿಕ್ಕಿಬಿದ್ದಳು' ಎಂದು ಹಿರಿಯವಳ ಮನಸ್ಸು ಕುಣಿಯಿತು. ನಿಜವಾದ ಬಂಡೆಯೊಂದನ್ನು ಹಿಡಿದು ಚಿತ್ರಗಳನ್ನು ಮತ್ತೆ ಹೊಂದಿಸಿದಳು. ಏರಿಗಳು ಸರಿದದ್ದು ಸುಳ್ಳಾಗಲಿಲ್ಲ. ಚಿಕ್ಕವಳು ಹೇಳಿದ್ದಕ್ಕಿಂತ ಹೆಚ್ಚೇ ಸರಿದಿದ್ದವು. ಆ ಕಪ್ಪು ಮರಳೂ ಅವುಗಳೊಂದಿಗೇ ತೆವಳಿದ್ದರಿಂದ ಅದು ಸರಿದಷ್ಟು ದೂರ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಸಂಶೋಧನಾಲಯದ ಸಭೆಯಲ್ಲಿ ಅವಳು ಎದ್ದು ನಿಂತಳು. "ಇವಳು ಚಿತ್ರ ಹೊಂದಿಸಿದ್ದರಲ್ಲಿ ತಪ್ಪಿದೆ."

ಚಿಕ್ಕವಳ ಮುಖ ಬಿಳುಚಿತು. ಮುಖ್ಯಸ್ಥರು ಕನ್ನಡಕ ತೆಗೆದರು. ಆ ಮೌನ ಹಿರಿಯವಳಿಗೆ ಎಷ್ಟು ಹಿತವಾಯಿತೆಂದರೆ, ಬೇಕೆಂದೇ ಒಂದು ಗುಟುಕು ನೀರು ಕುಡಿದಳು. ಇಲ್ಲಿಗೇ ನಿಲ್ಲಿಸಿ ಕೂತುಬಿಟ್ಟರೆ? ಆದರೆ ಚಿತ್ರ ಕಣ್ಣೆದುರಿಗೇ ಇತ್ತು.

"ತಿದ್ದಿ ನೋಡಿದ್ರೆ ಏರಿ ಇನ್ನೂ ದೂರ ಸರಿದಿದೆ. ಅಲ್ಲಿನ ಗಾಳಿ ಈಗ್ಲೂ ನೆಲ ತಿದ್ದುತ್ತಿದೆ. ನಾನು ಬರೆದದ್ದೇ ತಪ್ಪು."

ಹೊರಗೆ ಬಂದಾಗ ಚಿಕ್ಕವಳು ಕೈ ಹಿಡಿದುಕೊಂಡಳು. "ಜೀವಾನೇ ಹೋಗಿತ್ತು ಅಕ್ಕಾ! ಲೇಖನಕ್ಕೆ ನಿಮ್ಮ ಹೆಸರೂ ಸೇರಿಸ್ತೀನಿ."

"ಯಾರ ಹೆಸರು ಮೊದಲು?" ಬಾಯಿ ಜಾರಿಬಿಟ್ಟಿತು. ಹಿರಿಯವಳ ಕಿವಿ ಬಿಸಿಯಾಯಿತು.

ಚಿಕ್ಕವಳು ಕೈ ಬಿಡಲಿಲ್ಲ, ಮಾತನ್ನೂ ಬಿಡಲಿಲ್ಲ. "ನಂದೇ ಅಕ್ಕಾ."

"ಸರಿ" ಎಂದಳು ಹಿರಿಯವಳು. ಹೊಟ್ಟೆಯುರಿ ಆರಿರಲಿಲ್ಲ, ಆದರೂ ಇಬ್ಬರೂ ಒಂದೇ ಬಸ್ಸಿಗೆ ನಡೆದರು.