ಸಲೀತಾ

ನಾಲ್ಕನೇ ಸಲವೂ ಮಗಳ ಫೋನು ಸತ್ತೇ ಇತ್ತು. ರುಬೆನ್ ತಾನೇ ಏನೋ ತಪ್ಪು ಒತ್ತಿರಬೇಕೆಂಬಂತೆ ಪರದೆಯನ್ನು ದಿಟ್ಟಿಸಿದ.

"ಏನಾಯ್ತು?" ಎಂದಳು ಅವನ ಹೆಂಡತಿ ಮಾರಿಸಾ.

"ಆಫ್ ಆಗಿದೆ."

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದೀಯ. ಬೇರೆ ಏನಾದ್ರೂ ಹೇಳು."

ಬೇರೆ ಹೇಳುವುದನ್ನೆಲ್ಲ ಟೀವಿಯೇ ಹೇಳುತ್ತಿತ್ತು. ಇಟಲಿಯ ಫಯೆನ್ಸಾ ಊರಿನ ಬೀದಿಗಳಲ್ಲಿ ಹೊಳೆ ನುಗ್ಗಿ, ಕೆಂಪು ನೀರಿನಲ್ಲಿ ಕಾರುಗಳು ಒಂದಕ್ಕೊಂದು ಗುದ್ದಿಕೊಂಡು ತೇಲುತ್ತಿದ್ದವು. ಇಪ್ಪತ್ತೊಂದರ ಆಂತೊನೆಲ್ಲಾ ಪಿಂಗಾಣಿ ಕೆಲಸ ಕಲಿಯಲು ಒಂದು ಸೆಮಿಸ್ಟರಿನ ಮಟ್ಟಿಗೆ ಹೋಗಿದ್ದುದು ಅದೇ ಊರಿಗೆ. ಕ್ರಿಸ್‌ಮಸ್ ಹೊತ್ತಿಗೆ ವಾಪಸು ಬರಬೇಕು.

ಅವಳು ಹೋದಂದಿನಿಂದ, ಇಟಲಿಯಿಂದ ಒಂದು ಸಾಗರದಾಚೆ ರಫಾಯೆಲಾ ಊರಿನಲ್ಲಿದ್ದ ಈ ಮನೆ ಅರ್ಧ ಇಟಲಿಯಲ್ಲೇ ಇತ್ತು. ಅಡುಗೆಮನೆಯ ಗೋಡೆಯ ಮೇಲೆ ಅಲ್ಲಿನ ಹೊತ್ತು ತೋರಿಸುವ ಇನ್ನೊಂದು ಗಡಿಯಾರ ಬಂದಿತ್ತು. ತಮ್ಮ ಅಂಗಳದಲ್ಲಿ ಬಟ್ಟೆ ನೆನೆಯುತ್ತಿದ್ದರೂ ಮಾರಿಸಾ ಫಯೆನ್ಸಾದಲ್ಲಿ ಮಳೆ ಬಂತೇ ಎಂದು ನೋಡುತ್ತಿದ್ದಳು. ಮಗಳು ಹತ್ತುವ ಬಸ್ಸಿನ ನಂಬರು ರುಬೆನ್‌ಗೆ ಬಾಯಿಪಾಠ. ಮಾಂಸದಂಗಡಿಯವನು ಕೂಡ ಚಾಕು ಕೆಳಗಿಟ್ಟು, "ನಮ್ಮ ಇಟಲಿ ರಾಣಿ ಹೇಗಿದಾಳೆ?" ಎಂದು ಕೇಳಿದ ಮೇಲೆಯೇ ತೂಕ ಮಾಡುತ್ತಿದ್ದ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳ ಫೋನು ಬರಬೇಕು, ಬಂದ ಮೇಲೆಯೇ ಊಟ. ಇವತ್ತು ಶನಿವಾರ. ಒಂದೂವರೆಯಾಗಿತ್ತು.

ಮೇಜಿನ ತುದಿಯಲ್ಲಿ ಕೂತು ಎಲ್ವಿರಾ ರವಿಯೋಲಿಗೆ ಹೂರಣ ತುಂಬುತ್ತಿದ್ದಳು. ರುಬೆನ್‌ನ ತಾಯಿ, ಎಂಬತ್ತಮೂರರ ಮುದುಕಿ. ಮೊಮ್ಮಗಳು ನೋನಾ, ಅಂದರೆ ಅಜ್ಜಿ, ಎಂದು ಕರೆದದ್ದನ್ನೇ ಸೊಸೆಯೂ ರೂಢಿ ಮಾಡಿಕೊಂಡಿದ್ದಳು. ಆಂತೊನೆಲ್ಲಾ ಹೋಗುವುದು ಬೇಡವೆಂದು ಮಾರಿಸಾ ಹಟ ಹಿಡಿದಾಗ ಇದೇ ಮೇಜನ್ನು ಗುದ್ದಿ, "ನಮ್ಮಮ್ಮ ಹಡಗಲ್ಲಿ ಈ ಕಡೆ ಬಂದೋಳು. ನಾನಂತೂ ಆ ಕಡೆ ಮುಖ ಹಾಕ್ಲಿಲ್ಲ. ಇವಳಾದ್ರೂ ಹೋಗ್ಲಿ!" ಎಂದು ಗೆದ್ದವಳು ಇವಳೇ. ಹೊರಡುವ ಮುಂಚೆ ಹುಡುಗಿಗೆ ಇಟಾಲಿಯನ್ ಪಾಠ ಹೇಳಿದವಳೂ ಇವಳೇ. ನಿಜ ಹೇಳಬೇಕೆಂದರೆ ಅವಳ ಇಟಾಲಿಯನ್ ಎಂದರೆ ತಾಯಿ ಹೇಳಿಕೊಡುತ್ತಿದ್ದ ಪ್ರಾರ್ಥನೆಗಳು, ಜೊತೆಗೆ ನಾಲ್ಕು ಬೈಗುಳ. ಅಂಗಡಿಯಲ್ಲಿ ಉಪ್ಪು ಕೇಳಲು ಬಾರದಿದ್ದರೂ ಪರಲೋಕದ ವಿಚಾರವನ್ನು ಎಷ್ಟು ಹೊತ್ತು ಬೇಕಾದರೂ ಆಡಬಲ್ಲಳು.

"ಆ ಮನೆಯೊಡತಿಗೆ ಮಾಡು. ಬ್ರುನಾ. ನಂಬರ್ ಫ್ರಿಜ್ ಮೇಲಿದೆ," ಎಂದಳು ಎಲ್ವಿರಾ.

ರುಬೆನ್ ಮಾಡಿದ. ರಿಂಗ್ ಆಗುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿದರು. ಮೊದಲು ನೀರಿನ ಭೋರೆಂಬ ಸದ್ದು, ಹಿಂದೆಯೇ ಒಬ್ಬ ಹೆಂಗಸಿನ ಕೂಗು.

"ಆಂತೊನೆಲ್ಲಾ!" ಎಂದು ರುಬೆನ್ ಅರಚಿದ. "ಆಂತೊನೆಲ್ಲಾ ಎಲ್ಲಿ?"

"ಸಲೀತಾ! ಎ ಸಲೀತಾ!" ಎಂದಿತು ಆ ದನಿ. ಇನ್ನೂ ಏನೋ ಹೇಳಹೊರಟಿತು, ಅಷ್ಟರಲ್ಲಿ ಲೈನು ಕಡಿದುಹೋಯಿತು.

ಮತ್ತೆ ಮಾಡಿದರೆ ಅದೂ ಸತ್ತಿತ್ತು.

"ಸಲೀದಾ ಅಂದ್ಲು," ಎಂದ ರುಬೆನ್. ಅವರಾಡುವ ಸ್ಪ್ಯಾನಿಷ್‌ನಲ್ಲಿ ಸಲೀದಾ ಎಂದರೆ ಹೊರಗೆ ಹೋಗುವುದು. "ಹೊರಗೆ ಹೋಗಿದಾಳಂತೆ."

"ಹೊರಗೆ? ಆ ನೀರಲ್ಲಿ?" ಮಾರಿಸಾ ಅತ್ತೆಯ ಕಡೆ ತಿರುಗಿದಳು. "ನೋನಾ, ನಿಮಗೆ ಬರತ್ತಲ್ಲ ಅವರ ಮಾತು. ಸರಿಯಾಗಿ ಹೇಳಿ. ಹೊರಗೆ ಅಂತಾನೇನಾ?"

ಎಲ್ವಿರಾಳ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತ್ತು.

ಅಲ್ಲ. ಹೊರಗೆ ಅಂತ ಅಲ್ಲ. ಚಿಕ್ಕಂದಿನಲ್ಲಿ ವಿಶ್ವಾಸದ ಪ್ರಾರ್ಥನೆಯನ್ನು ಅವಳು ಇಗರ್ಜಿಯಲ್ಲಿ ಸ್ಪ್ಯಾನಿಷ್‌ನಲ್ಲೂ ಮನೆಯಲ್ಲಿ ಇಟಾಲಿಯನ್‌ನಲ್ಲೂ ಹೇಳಿದವಳು. ಯಾವ ಸಾಲಿಗೆ ಯಾವ ಸಾಲೆಂದು ಗೊತ್ತು. ಸತ್ತನು, ಸಮಾಧಿಯಾದನು, ಮೂರನೇ ದಿನ ಎದ್ದನು. ಆಮೇಲೆ 'ಸಲೀ ಅಲ್ ಚಿಯೇಲೋ', ಸ್ವರ್ಗಕ್ಕೆ ಏರಿಹೋದನು. ಆ ಪದ ಬಂದಾಗಲೆಲ್ಲ ತಾಯಿ ಬೆರಳೆತ್ತಿ ಸೂರು ತೋರಿಸುತ್ತಿದ್ದಳು. ಸಲೀತಾ ಎಂದರೆ ಮೇಲೆ ಹೋದಳು.

ಎಲ್ವಿರಾಗೆ ಕೂಗಿಕೊಳ್ಳಬೇಕೆನಿಸಿತು, ಆದರೆ ಎದುರಿಗೆ ಮಾರಿಸಾ ಎರಡು ಕೈಯಲ್ಲೂ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು, ಕಣ್ಣು ಮಿಟುಕಿಸದೆ.

"ಹೌದು," ಎಂದಳು ಎಲ್ವಿರಾ. "ಹೊರಗೆ ಹೋಗಿದಾಳೆ ಅಂದ್ಲು."

"ಯಾಕೆ ಹೋದ್ಲು? ಯಾರಾದ್ರೂ ಆ ಹೊತ್ತಲ್ಲಿ ಹೊರಗೆ ಹೋಗ್ತಾರಾ?"

"ಬುದ್ಧಿ ಇರೋ ಹುಡುಗಿ. ಎಲ್ಲೋ ನಿಂತಿರ್ತಾಳೆ, ಬರ್ತಾಳೆ."

"ಬರ್ತಾಳೆ ಅಂತ ಕೂತ್ಕೊಂಡು ಹೇಳೋದು ಸುಲಭ!" ಮಾರಿಸಾಳ ದನಿ ಒಡೆಯಿತು. "ಕಳ್ಸಿದ್ದು ಯಾರು? ನಾನು ಬೇಡ ಬೇಡ ಅಂತ ಬಡ್ಕೊಂಡೆ. ನಿಮ್ಮಮ್ಮನ ಊರು, ನಿಮ್ಮಮ್ಮನ ಹಡಗು! ನಿಮಗೆ ಹೋಗೋಕಾಗ್ಲಿಲ್ಲ ಅಂತ ನನ್ನ ಮಗಳನ್ನ ಕಳ್ಸಿದ್ರಿ. ಅವಳಿಗೇನಾದ್ರೂ ಆದ್ರೆ ಈ ಮನೇಲಿ ನಿಮ್ಮ ಮುಖ ನೋಡಲ್ಲ ನಾನು."

"ಮಾರಿಸಾ, ಸಾಕು," ಎಂದ ರುಬೆನ್.

"ಬಿಡೋ, ಹೇಳ್ಲಿ. ಸುಳ್ಳೇನಲ್ಲ ಅವಳು ಹೇಳಿದ್ದು," ಎಂದಳು ಎಲ್ವಿರಾ.

ರುಬೆನ್ ರಾಯಭಾರ ಕಚೇರಿಯ ನಂಬರು ಹುಡುಕಿ ಫೋನಿಗೆ ಅಂಟಿಕೊಂಡ. ಶನಿವಾರ, ಅಲ್ಲಿ ಸಂಗೀತ ಬಿಟ್ಟರೆ ಯಾರೂ ಇರಲಿಲ್ಲ. ಮಾರಿಸಾ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ನೀರಿನಲ್ಲಿ ನಡೆಯುತ್ತಿದ್ದವರಲ್ಲಿ ಮಗಳ ಹಸಿರು ಕೋಟು ಹುಡುಕುತ್ತಿದ್ದಳು. ಹುಡುಕಲಿ, ಹುಡುಕುವಷ್ಟು ಹೊತ್ತಾದರೂ ಮಗಳು ಅವಳಿಗಿದ್ದಾಳೆ ಎಂದುಕೊಂಡಳು ಎಲ್ವಿರಾ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಶುರು ಮಾಡಿದಳು. ಹೆಸರು ಹೇಳಬೇಕಾದ ಜಾಗ ಬಂತು. ಅಲ್ಲಿಗೆ ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಅಲ್ಲಿಗೇ ಬಂದು ನಿಂತಳು. ಹೀಗೇ ಎರಡು ಗಂಟೆ ಕಳೆಯಿತು.

ಮೂರೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ರುಬೆನ್ ಸ್ಪೀಕರ್ ಒತ್ತಿದ.

"ಅಪ್ಪಾ, ನಾನು."

ಮಾರಿಸಾ ಟೀವಿ ಬಿಟ್ಟು ಮೇಜಿನತ್ತ ಓಡಿ ಬಂದಳು.

"ಅಪ್ಪಾ? ನಾನು ಆಂತೊ. ಮೂರನೇ ಮಹಡಿಯವರ ಮನೇಲಿದೀನಿ. ನನ್ನ ಫೋನ್ ನೀರಿಗೆ ಬಿತ್ತು, ಇದು ಅವರದ್ದು. ನೆಟ್‌ವರ್ಕ್ ಈಗ ಬಂತು. ನೀವೇನೂ ಗಾಬರಿ ಆಗ್ಲಿಲ್ಲ ತಾನೇ? ಬ್ರುನಾ ಹೇಳಿದೀನಿ ಅಂದ್ಲು."

"ಏನೇ ಹೇಳಿದ್ಲು?" ಮಾರಿಸಾ ಅಳುತ್ತಾ ಗದರಿದಳು. "ಹೊರಗೆ ಹೋಗಿದಾಳೆ ಅಂದ್ಲು ಕಣೇ! ಸತ್ತೇ ಹೋಗಿದ್ವಿ ನಾವಿಲ್ಲಿ!"

"ಹೊರಗಾ? ಅಯ್ಯೋ ಅಮ್ಮಾ!" ಹುಡುಗಿ ನಕ್ಕೇಬಿಟ್ಟಳು. "ಸಲೀತಾ ಅಂದ್ರೆ ಇಲ್ಲಿ ಮೇಲೆ ಹತ್ತೋದು. ಮೆಟ್ಲು ಹತ್ತಿ ಮೇಲೆ ಹೋದೆ, ಅಷ್ಟೇ. ನೋನಾನ ಕೇಳಬಾರ್ದಿತ್ತಾ? ಆ ಪದ ನನಗೆ ಹೇಳ್ಕೊಟ್ಟಿದ್ದೇ ಅವಳು."

ರುಬೆನ್ ಫೋನನ್ನು ಮೇಜಿನ ಮೇಲಿಟ್ಟ. ಮಾರಿಸಾ ನಿಧಾನವಾಗಿ ತಿರುಗಿದಳು.

"ನೋನಾ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಹೊರಗೆ ಅಂದ್ರಿ?"

"ನನಗೆ ಗೊತ್ತಿರೋ 'ಮೇಲೆ' ಒಂದೇ, ಮಗಳೇ," ಎಂದಳು ಎಲ್ವಿರಾ. "ಅಲ್ಲಿಗೆ ಹೋದೋರು ಬರಲ್ಲ. ಹೊರಗೆ ಹೋದೋರಾದ್ರೆ ನೀನು ಕಾಯಬಹುದಲ್ಲ."

ಮೇಜಿನ ಕೆಳಗೆ ಎಲ್ವಿರಾಳ ಮೊಣಕಾಲುಗಳು ನಡುಗುತ್ತಿದ್ದವು. ತಡೆಯಲು ನೋಡಿದರೂ ನಿಲ್ಲಲಿಲ್ಲ. ಸೊಸೆ ಬಂದು ನೆಲದ ಮೇಲೆ ಕೂತು ಅವೆರಡನ್ನೂ ಗಟ್ಟಿಯಾಗಿ ಒತ್ತಿ ಹಿಡಿದಳು.

"ಹಲೋ?" ಎನ್ನುತ್ತಿತ್ತು ಮೇಜಿನ ಮೇಲಿನ ಫೋನು. "ಅಮ್ಮಾ? ನೋನಾ? ಯಾಕೆ ಯಾರೂ ಮಾತಾಡ್ತಿಲ್ಲ?"