ಎರಡು ಸೆಕೆಂಡು ಕಂಡ ಹೆಸರು

ನಲವತ್ತು ಹುಡುಗಿಯರ ಮುಂದೆ ನಿಂತರೆ ಸಂಘಮಿತ್ರಾಳ ನಾಲಿಗೆ ಒಣಗಿ ಹೋಗುತ್ತಿತ್ತು. ಕಲಬುರಗಿಯ ಸೇಡಂ ರಸ್ತೆಯ ಮಹಿಳಾ ಕಾಲೇಜೊಂದರ ಗ್ರಂಥಾಲಯಕ್ಕೆ ಸಹಾಯಕಿಯಾಗಿ ಸೇರಿದ ಮೊದಲ ವಾರವೇ ಗ್ರಂಥಪಾಲಕ ಶಿವಶರಣರಿಗೆ ಇದು ಗೊತ್ತಾಯಿತು. ಬಯ್ಯಲಿಲ್ಲ. ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕುವ ಬಗೆಯನ್ನು ಪರದೆ ಸಮೇತ ರೆಕಾರ್ಡ್ ಮಾಡು, ಅದಕ್ಕೆ ನಿನ್ನ ಮಾತು ಸೇರಿಸು, ನಿನ್ನ ಮುಖ ಯಾರೂ ನೋಡುವುದಿಲ್ಲ ಎಂದರು.

ಮುಖ ಕಾಣದಿದ್ದರೆ ಅವಳಿಗೆ ಮಾತು ಬರುತ್ತಿತ್ತು. ಕುಸನೂರಿನ ಮನೆಯಲ್ಲಿ ಸದ್ದು ಬರದ ಹಾಗೆ ಕೌದಿ ಹೊದ್ದು ಕೂತು, ತಪ್ಪಿದ್ದನ್ನೆಲ್ಲ ಅಳಿಸಿ ಅಳಿಸಿ ಪಾಠ ಮಾಡಿದಳು. ಬರೀ ಧ್ವನಿಯ ಪಾಡ್‌ಕಾಸ್ಟನ್ನೂ ಮಾಡಿದಳು. ಹುಡುಗಿಯರು ಬಸ್ಸಿನಲ್ಲಿ ಕೇಳಿಕೊಂಡು ಬರುತ್ತಿದ್ದರು. ಕಮಲಾಪುರದ ಸೌಂದರ್ಯಾ ಒಮ್ಮೆ ಕೌಂಟರಿಗೆ ಒರಗಿ, "ಫೋನ್‌ದಾಗ ಇಷ್ಟ್ ಮಾತಾಡ್ತೀರಿ ಮೇಡಂ, ಎದುರಿಗಿ ಬಂದ್ರ ಒಂದ್ ನಮಸ್ಕಾರನೂ ಇಲ್ಲಲ್ರೀ" ಎಂದು ಕಾಡಿದ್ದಳು.

ನಾಲ್ಕನೇ ಪಾಠ, ತಾವು ಒಯ್ದ ಪುಸ್ತಕಗಳ ಯಾದಿ ನೋಡಿಕೊಳ್ಳುವುದು ಹೇಗೆಂದು. ಸಂಘಮಿತ್ರಾಳ ಸ್ವಂತ ಖಾತೆ ಖಾಲಿಯಿತ್ತು. ಖಾಲಿ ಯಾದಿ ತೋರಿಸಿದರೆ ಯಾರಿಗೆ ತಿಳಿದೀತು? ಎಲ್ಲರಿಗಿಂತ ಹೆಚ್ಚು ಪುಸ್ತಕ ಒಯ್ಯುವ ಸೌಂದರ್ಯಾಳ ಖಾತೆ ತೆರೆದು, ಹೆಸರಿನ ಮೇಲೆ ಕಪ್ಪು ಪಟ್ಟಿ ಕೂರಿಸಿ ರೆಕಾರ್ಡ್ ಮಾಡಿದಳು. ಪುಟ ಸರಿಸಿದಾಗ ಪಟ್ಟಿ ಇದ್ದಲ್ಲೇ ಉಳಿಯಿತು, ಹೆಸರು ಅದರಡಿಯಿಂದ ಮೇಲಕ್ಕೆ ಜಾರಿತು. ಅವಳು ನೋಡಲಿಲ್ಲ. ಎಷ್ಟು ಸಲ ಹಾಕಿ ನೋಡಿದರೂ ಕೇಳಿಸಿಕೊಂಡದ್ದು ತನ್ನ ಧ್ವನಿ ಎಲ್ಲಿ ನಡುಗಿತೆಂದು ಮಾತ್ರ. ಎರಡೇ ಸೆಕೆಂಡು: ಹೆಸರು, ಊರು, ಕೆಳಗೆ ಮೂರು ಪುಸ್ತಕ. ನಡುವಿನದು ಅಂತರ್ಜಾತಿ ವಿವಾಹದ ಕಾನೂನು ಕುರಿತದ್ದು.

ಯಾರೋ ಆ ಎರಡು ಸೆಕೆಂಡನ್ನು ಫೋಟೊ ಹಿಡಿದು ಕಮಲಾಪುರದ ವಾಟ್ಸ್ಯಾಪ್ ಗುಂಪಿಗೆ ಬಿಟ್ಟರು. ಸೋಮವಾರದಿಂದ ಸೌಂದರ್ಯಾ ಬರಲಿಲ್ಲ. ಗೆಳತಿ ಪ್ರೀತಿ ಸುದ್ದಿ ತಂದಳು: ಅಪ್ಪ ಮರೆಪ್ಪ ಫೋನು ಕಸಿದುಕೊಂಡಿದ್ದಾನೆ, ಕಾಲೇಜು ಬಿಡಿಸಿದ್ದಾನೆ, ಬರುವ ವಾರ ಮದುವೆಯ ನಿಶ್ಚಯ. ಸೆಮಿನಾರಿಗೆ ಒಯ್ದ ಪುಸ್ತಕವೆಂದು ಹುಡುಗಿ ಎಷ್ಟು ಅತ್ತರೂ ಮನೆಯಲ್ಲಿ ನಂಬಿಲ್ಲ. ಅವಳು ಹೇಳಿದ್ದು ನಿಜ. ಅವಳು ಕೇಳಿದ್ದು ಬೇರೆ ಪುಸ್ತಕ; ಅದು ಸಿಗದಾಗ ಇದನ್ನು ಆರಿಸಿ ಕೈಗಿಟ್ಟವಳು ಸಂಘಮಿತ್ರಾ.

ವಿಡಿಯೊ ಅಳಿಸಿದಳು. ಊರವರ ಫೋನಿನಲ್ಲಿದ್ದದ್ದು ಅಳಿಯಲಿಲ್ಲ. ಶಿವಶರಣರು ಫೋನ್ ಮಾಡಿದರೆ ಮರೆಪ್ಪ ಇಟ್ಟುಬಿಟ್ಟ. ಕಡೆಗೆ ಸಂಘಮಿತ್ರಾ ತಾನೇ ಕಮಲಾಪುರಕ್ಕೆ ಹೊರಟಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ, ಹೇಳಬೇಕಾದದ್ದನ್ನೆಲ್ಲ ಫೋನಿಗೆ ಹೇಳಿದಳು. ನಾಲ್ಕು ಸಲ ಅಳಿಸಿದಳು. ಐದನೆಯದು ಸರಿಯಾಗಿ ಬಂತು.

ಮರೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಹೆಂಡತಿ ಶಾರದಾಬಾಯಿ ನೀರು ತಂದಿಟ್ಟಳು. ಪಕ್ಕದ ಮನೆಯ ಹೆಂಗಸರು ಹೊಸ್ತಿಲಿಗೆ ಬಂದು ನಿಂತರು. ಲೈಬ್ರರಿಯಿಂದ ಬಂದೆ ಎಂಬಷ್ಟು ಮಾತ್ರ ಸಂಘಮಿತ್ರಾ ಹೇಳಿದಳು. ಫೋನು ಚಾಚಿ ಗುಂಡಿ ಒತ್ತಿದಳು. ಅವಳದೇ ಧ್ವನಿ, ತಡವರಿಕೆಯಿಲ್ಲದೆ, ನಮಸ್ಕಾರ ಹೇಳಿತು.

"ಬಂದ್ ಮಾಡವ್ವಾ ಅದನ್ನ," ಎಂದ ಮರೆಪ್ಪ. ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. "ಇದೇ ದನಿ ನನ್ ಮಗಳ ಹೆಸರ ಮಂದಿಗಿ ತೋರಿಸ್ಯಾದ. ಎದುರಿಗೇ ಕುಂತೀದಿ. ಬಾಯಿಲೆ ಹೇಳು, ಕೇಳ್ತೀನಿ."

ಒಳಗಿನ ಬಾಗಿಲಲ್ಲಿ ಸೌಂದರ್ಯಾ ಬಂದು ನಿಂತಿದ್ದಳು. "ಹೇಳ್ರೀ ಮೇಡಂ," ಎಂದಳು ಮೆಲ್ಲಗೆ.

ಸಂಘಮಿತ್ರಾ ಬಾಯಿ ತೆರೆದಳು. ಆ ಪುಸ್ತಕ, ಎಂದಳು. ಇನ್ನೊಮ್ಮೆ, ಆ ಪುಸ್ತಕ. ಎಲ್ಲರೂ ಕಾದರು. ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ.

ಮರೆಪ್ಪ ಹೆಂಡತಿಯ ಕಡೆ ತಿರುಗಿದ.

"ನೋಡ್, ಮಗಳ ಸಲುವಾಗಿ ಸುಳ್ಳ ಹೇಳ್ಬೇಕಂತ ಬಂದಾಳ. ಒಳ್ಳೆ ಹುಡುಗಿ, ಪಾಪ. ಬಾಯಿ ಬರವಲ್ದು."

ಸೌಂದರ್ಯಾ ಒಳಗೆ ಹೋದಳು. ಹೆಂಗಸರೂ ಚದುರಿದರು. ಐದೂವರೆಗೆ ಕಲಬುರಗಿಗೆ ಬಸ್ಸಿದೆ ಎಂದು ಹೇಳಿ, ಸಂಘಮಿತ್ರಾ ಏಳುವವರೆಗೂ ಶಾರದಾಬಾಯಿ ಅಲ್ಲೇ ನಿಂತಿದ್ದಳು.